ನಿರೀಕ್ಷೆ: ವಾಗ್ದಾನಕ್ಕೂ ನೆರವೇರಿಕೆಗೂ ನಡುವಿನ ಪದ

ದಿನಬಳಕೆಯಲ್ಲಿ ‘ನಿರೀಕ್ಷೆ’ ಎಂದರೆ ಒಂದು ಅಂದಾಜು. ಆಗಬಹುದು, ಆಗದೆಯೂ ಇರಬಹುದು. ಕನ್ನಡದ ಸತ್ಯವೇದದಲ್ಲಿ ಈ ಪದಕ್ಕೆ ಬೇರೆಯೇ ತೂಕವಿದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 13ನೆಯ ಅಧ್ಯಾಯದ ಕೊನೆಯಲ್ಲಿ, ನಂಬಿಕೆಗೂ ಪ್ರೀತಿಗೂ ನಡುವೆ ನಿಂತಿರುವುದು ಇದೇ. ದೇವರು ಮಾತು ಕೊಟ್ಟಿದ್ದಾನೆ, ಆದರೆ ಅದಿನ್ನೂ ಕೈಸೇರಿಲ್ಲ. ಆ ನಡುವಿನ ಕಾಲದಲ್ಲಿ ಬದುಕುವ ಬಗೆಯ ಹೆಸರು ನಿರೀಕ್ಷೆ.

ಈ ಪದದೊಳಗಿರುವ ಸಂಸ್ಕೃತ ಧಾತು ‘ಈಕ್ಷ್’ ಎಂದರೆ ನೋಡು. ಕನ್ನಡದಲ್ಲಿಯೂ ನಾವು ಬರಲಿರುವವರನ್ನು ‘ಎದುರುನೋಡುತ್ತೇವೆ’, ಅವರ ‘ಹಾದಿ ಕಾಯುತ್ತೇವೆ’. 130ನೆಯ ಕೀರ್ತನೆ ಇದಕ್ಕೆ ಕೊಡುವ ಹೋಲಿಕೆ ರಾತ್ರಿಯ ಕಾವಲುಗಾರನದು. ಬೆಳಗನ್ನು ತರುವುದು ಅವನ ಕೈಯಲ್ಲಿಲ್ಲ, ಬೆಳಗಾಗುತ್ತದೋ ಇಲ್ಲವೋ ಎಂಬ ಅನುಮಾನವೂ ಅವನಿಗಿಲ್ಲ. ಅವನ ಕೆಲಸ ಎಚ್ಚರವಾಗಿರುವುದು. ಕ್ರೈಸ್ತ ತಾಳ್ಮೆಯನ್ನು ಇಷ್ಟು ನಿಖರವಾಗಿ ಹಿಡಿದ ಚಿತ್ರ ನನಗೆ ಬೇರೊಂದು ಕಂಡಿಲ್ಲ.

ಹೀಬ್ರೂ ಭಾಷೆಯಲ್ಲಿ ನಿರೀಕ್ಷೆಗೆ ‘ತಿಕ್ವಾ’ ಎನ್ನುತ್ತಾರೆ. ಯೆಹೋಶುವನ ಗ್ರಂಥದ 2ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರ ಗೂಢಚಾರರನ್ನು ಬಚ್ಚಿಟ್ಟ ಯೆರಿಕೋ ಊರಿನ ರಾಹಾಬಳು ಕಿಟಕಿಗೆ ಕಟ್ಟಿದ ಕೆಂಪು ಹುರಿಗೂ ಇದೇ ಪದವಿದೆ. ಊರು ಬೀಳುವ ದಿನದವರೆಗೂ ಅವಳ ಬಳಿ ಇದ್ದದ್ದು ನಿನ್ನ ಮನೆಯವರನ್ನು ಉಳಿಸುತ್ತೇವೆ ಎಂಬ ಒಂದು ಮಾತು, ಒಂದು ಹುರಿ, ಅಷ್ಟೇ. ನಿರೀಕ್ಷೆಯ ಜೊತೆಗಿರುವ ತಾಳ್ಮೆಗೆ ಹೊಸ ಒಡಂಬಡಿಕೆಯ ಗ್ರೀಕ್ ಪದಗಳು ಎರಡು. ‘ಹುಪೊಮೊನೇ’ ಎಂದರೆ ಹೊರೆಯ ಅಡಿಯಲ್ಲಿಯೇ ನಿಲ್ಲುವುದು. ‘ಮಕ್ರೊಥುಮಿಯ’ ಎಂಬುದಕ್ಕೆ ನಮ್ಮ ಅನುವಾದಕರು ‘ದೀರ್ಘಶಾಂತಿ’ ಎಂಬ ಚೆಂದದ ಪದವನ್ನು ಕೊಟ್ಟಿದ್ದಾರೆ. ಇಬ್ರಿಯರಿಗೆ ಬರೆದ ಪತ್ರಿಕೆಯು (6:15) ಅಬ್ರಹಾಮನ ಕಾಯುವಿಕೆಯನ್ನು ಹೇಳುವುದು ಈ ಎರಡನೆಯ ಪದದಿಂದ.

ಆದರೆ ಆದಿಕಾಂಡವನ್ನು ಓದಿದವರಿಗೆ ಗೊತ್ತು, ಆ ಕಾಯುವಿಕೆ ನೇರ ಗೆರೆಯಾಗಿರಲಿಲ್ಲ. ನಿನ್ನನ್ನು ದೊಡ್ಡ ಜನಾಂಗವಾಗಿ ಮಾಡುವೆನೆಂಬ ದೇವರ ಮಾತು ನಂಬಿ ಹೊರಟಾಗ ಅವನಿಗೆ 75 ವರ್ಷ. ಹತ್ತು ವರ್ಷ ಕಳೆದರೂ ಮಗುವಾಗದಿದ್ದಾಗ ಹೆಂಡತಿ ಸಾರಳು ತನ್ನ ದಾಸಿ ಹಾಗರಳನ್ನು ಅವನಿಗೆ ಕೊಟ್ಟಳು. ಅವನ 86ನೆಯ ವಯಸ್ಸಿನಲ್ಲಿ ಇಷ್ಮಾಯೇಲನು ಹುಟ್ಟಿದನು. ವಾಗ್ದಾನವನ್ನು ತಾವೇ ನೆರವೇರಿಸಲು ಹೊರಟ ಆ ಏರ್ಪಾಡಿನ ಬೆಲೆಯನ್ನು ತೆತ್ತವಳು, ಮಗನೊಂದಿಗೆ ಮರುಭೂಮಿಗೆ ಅಟ್ಟಲ್ಪಟ್ಟ ಹಾಗರಳು. ಅಬ್ರಹಾಮನಿಗೆ ನೂರು ತುಂಬಿದಾಗ ಇಸಾಕನು ಬಂದನು. ಇಷ್ಟೆಲ್ಲ ಆದ ಮೇಲೂ ಗ್ರಂಥ ಅವನನ್ನು ನಂಬಿಕೆಯ ಮೂಲಪುರುಷನೆಂದೇ ಕರೆಯುತ್ತದೆ. ಕಾಯುವವನು ಎಡವಿದರೂ ಮಾತು ಕೊಟ್ಟವನು ಬದಲಾಗಲಿಲ್ಲ ಎಂಬುದರ ಮೇಲೆ ನಿರೀಕ್ಷೆ ನಿಂತಿದೆ.

ಇನ್ನೊಂದು ತಪ್ಪು ತಿಳಿವಳಿಕೆ: ತಾಳ್ಮೆಯೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂಬುದು. ನೊಂದವರಿಗೆ ಹೀಗೆ ಉಪದೇಶಿಸುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. 13ನೆಯ ಕೀರ್ತನೆ ‘ಎಷ್ಟರವರೆಗೆ’ ಎಂದು ದೇವರನ್ನೇ ಮತ್ತೆ ಮತ್ತೆ ಕೇಳುತ್ತದೆ. ಪ್ರವಾದಿ ಹಬಕ್ಕೂಕನೂ ಹಾಗೆಯೇ ಮೊರೆಯಿಟ್ಟವನು. ಕೇಳಿಸಿಕೊಳ್ಳುವವನೊಬ್ಬನಿದ್ದಾನೆ ಎಂದು ನಂಬಿದವರೇ ಹಾಗೆ ಕೇಳಬಲ್ಲರು.

ಕಾಯುವವರು ಸುಮ್ಮನೆ ಕೂತವರೂ ಅಲ್ಲ. ಲೂಕನು ಹೇಳುವ ಅನ್ನಳೆಂಬ ಮುದಿ ವಿಧವೆ ದೇವಾಲಯ ಬಿಡದೆ ಉಪವಾಸ, ಪ್ರಾರ್ಥನೆಗಳಲ್ಲಿದ್ದಳು; ಅವಳಂತೆಯೇ ಕಾದಿದ್ದ ಸಿಮೆಯೋನನು ಕೊನೆಗೆ ಶಿಶು ಯೇಸುವನ್ನು ತೋಳಿಗೆತ್ತಿಕೊಂಡನು.

ಎಲ್ಲರಿಗೂ ಹೀಗೆ ಸಿಗಲಿಲ್ಲ. ವಾಗ್ದಾನದ ಫಲವನ್ನು ಹೊಂದದೆ, ಅದನ್ನು ದೂರದಿಂದ ನೋಡಿ ವಂದಿಸಿ ಸತ್ತವರ ಕುರಿತೂ ಇಬ್ರಿಯರ ಪತ್ರಿಕೆ (11:13) ಹೇಳುತ್ತದೆ. ಅಬ್ರಹಾಮನಿಗೆ ಇಡೀ ಕಾನಾನ್ ದೇಶದ ವಾಗ್ದಾನವಿತ್ತು. ಹೆಂಡತಿ ತೀರಿಕೊಂಡಾಗ ಅವಳನ್ನು ಹೂಳಲು ಅಲ್ಲಿ ಅವನದೆನ್ನುವ ನೆಲವಿರಲಿಲ್ಲ. 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಮಕ್ಪೇಲದ ಹೊಲವನ್ನೂ ಗವಿಯನ್ನೂ ಕೊಂಡುಕೊಂಡನು.