ಮಗಳು ಹಕ್ಕಿಮರಿ ತಂದಿದ್ದಾಳೆ, ಸಾಕಬಹುದಾ?

ಪ್ರಶ್ನೆ: ರಜೆಗೆ ಊರಿಗೆ ಬಂದಿದ್ದೇವೆ. ಎಂಟು ವರ್ಷದ ಮಗಳು ಬೇಲಿ ಪಕ್ಕ ಸಿಕ್ಕಿದ ಪಿಕಳಾರದ ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಬಂದಿದ್ದಾಳೆ. ವಾಪಸ್ ಬಿಡು ಅಂದರೆ ಅಳುತ್ತಾಳೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸಲ್ಲ ಅಂತ ನಮ್ಮತ್ತೆ ಹೇಳುತ್ತಾರೆ. ನಾವೇ ಸಾಕಬಹುದಾ?

ಉತ್ತರ: ಬೇಡ. ಆದರೆ ಮಗಳನ್ನು ಬೈಯಬೇಡಿ. ಅವಳಿಗೆ ಬಂದ ಕನಿಕರ ದೊಡ್ಡದು, ಅದು ಹಾಗೇ ಉಳಿಯಲಿ. ಈಗಲೇ ಅವಳನ್ನು ಕರೆದುಕೊಂಡು ಮರಿ ಸಿಕ್ಕಿದ ಜಾಗಕ್ಕೆ ಹೋಗಿ.

ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಎಲ್ಲ ಊರಲ್ಲೂ ಕೇಳಿಬರುವ ಮಾತು. ಅದು ನಿಜವಲ್ಲ. ಮರಿ ಕೂಗಿದರೆ ತಾಯಿ ಹುಡುಕಿಕೊಂಡು ಬರುತ್ತದೆ.

ಮೊದಲು ಮರಿಯನ್ನು ಸರಿಯಾಗಿ ನೋಡಿ. ಕಣ್ಣು ಬಿಟ್ಟು, ಮೈತುಂಬ ಪುಕ್ಕ ಬಂದು, ಮೋಟು ಬಾಲ ಇಟ್ಟುಕೊಂಡು ಕುಪ್ಪಳಿಸುತ್ತಿದೆಯಾ? ಹಾಗಿದ್ದರೆ ಅದು ಬಿದ್ದ ಮರಿಯಲ್ಲ, ತಾನಾಗಿಯೇ ಗೂಡು ಬಿಟ್ಟು ಬಂದ ಮರಿ. ಪಿಕಳಾರದ ಮರಿಗಳು ಹುಟ್ಟಿ ಸುಮಾರು 12 ದಿನಕ್ಕೇ, ಹಾರಲು ಸರಿಯಾಗಿ ಬರುವ ಮೊದಲೇ, ಗೂಡಿನಿಂದ ಹೊರಬೀಳುತ್ತವೆ. ಆಮೇಲೆ ಕೆಲವು ದಿನ ಪೊದೆಯಲ್ಲಿ ಕೂತಿರುತ್ತವೆ, ಅಪ್ಪ ಅಮ್ಮ ಎರಡೂ ಬಂದು ತಿನ್ನಿಸುತ್ತವೆ. ನಿಮ್ಮ ಮಗಳು ಎತ್ತಿಕೊಂಡಾಗಲೂ ಅವು ಅಲ್ಲೇ ಎಲ್ಲೋ ಕೂತು ನೋಡುತ್ತಿದ್ದಿರಬೇಕು. ಬೆಕ್ಕು, ನಾಯಿಗೆ ಎಟುಕದಂತೆ ಅದೇ ಪೊದೆಯ ಒಳಕೊಂಬೆಯಲ್ಲಿ ಕೂರಿಸಿ, ದೂರ ಬಂದುಬಿಡಿ.

ಪುಕ್ಕವೇ ಬರದ ಬೋಳು ಮರಿಯಾದರೆ ಗೂಡು ಹುಡುಕಬೇಕು. ಪಿಕಳಾರ ಜಾಸ್ತಿ ಎತ್ತರದಲ್ಲಿ ಗೂಡು ಕಟ್ಟುವುದಿಲ್ಲ. ಬೇಲಿಗಿಡದಲ್ಲಿ, ಮನೆ ಮುಂದಿನ ಕ್ರೋಟನ್‌ನಲ್ಲಿ ಸಣ್ಣ ಬಟ್ಟಲಿನಂತೆ ಕಾಣುತ್ತದೆ. ಮೆಲ್ಲಗೆ ಒಳಗಿಡಿ. ಗೂಡು ಹರಿದಿದ್ದರೆ ಚಿಕ್ಕ ಬುಟ್ಟಿಗೆ ಒಣಹುಲ್ಲು ಹಾಕಿ ಅದೇ ಗಿಡಕ್ಕೆ ಕಟ್ಟಿ.

ಒಂದು ಮಾತು ಕೈಮುಗಿದು ಕೇಳುತ್ತೇನೆ: ಹಾಲು ಕುಡಿಸಬೇಡಿ, ಕೊಕ್ಕಿಗೆ ನೀರು ಬಿಡಬೇಡಿ. ಮೂರನೇ ಕ್ಲಾಸಿನಲ್ಲಿದ್ದಾಗ ನಾನೊಂದು ಮರಿಯನ್ನು ಚಪ್ಪಲಿ ಡಬ್ಬದಲ್ಲಿಟ್ಟು, ಇಂಕ್ ಫಿಲ್ಲರಿನಲ್ಲಿ ಹಾಲು ಹಾಕಿದ್ದೆ. ಬೆಳಿಗ್ಗೆ ಕತ್ತು ವಾಲಿಸಿ ಬಿದ್ದಿತ್ತು. ಹತ್ತಿ ಎತ್ತಿದಷ್ಟೇ ಹಗುರ. ಹಕ್ಕಿಯ ಉಸಿರುನಾಳದ ಬಾಯಿ ನಾಲಿಗೆಯ ಹಿಂದೆಯೇ ಇರುತ್ತದೆ, ಹನಿ ನೀರು ಬಿಟ್ಟರೂ ಶ್ವಾಸಕೋಶಕ್ಕೆ ಇಳಿಯಬಹುದು ಅಂತ ಎಷ್ಟೋ ವರ್ಷದ ಮೇಲೆ ತಿಳಿಯಿತು.

ಕಾಡುಹಕ್ಕಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಪಂಜರದ ಗಿಳಿಗೂ ಇದೇ ಕಾನೂನು. ಮರಿಗೆ ಗಾಯವಾಗಿದ್ದರೆ, ಬೆಕ್ಕು ಕಚ್ಚಿದ್ದರೆ, ಅರಣ್ಯ ಇಲಾಖೆಗೋ ಹತ್ತಿರದ ಪಶುವೈದ್ಯರಿಗೋ ತಿಳಿಸಿ. ಬೆಕ್ಕಿನ ಹಲ್ಲು ತಾಗಿದ್ದು ಮೇಲೆ ಕಾಣದಿದ್ದರೂ ಒಳಗೆ ನಂಜಾಗುತ್ತದೆ.

ಹುಲ್ಲಿನಲ್ಲಿ ಅಲುಗಾಡದೆ ಮಲಗಿದ ಜಿಂಕೆಮರಿ, ಮೊಲದ ಮರಿ ಕಂಡರೂ ಎತ್ತಬಾರದು. ತಾಯಿ ಮೇಯಲು ಹೋಗುವಾಗ ಮರಿಯನ್ನು ಹಾಗೆ ಅಡಗಿಸಿಟ್ಟು ಹೋಗಿರುತ್ತದೆ. ನಿಮ್ಮೂರು ಮಲೆನಾಡಿನ ಕಡೆಯಾದರೆ ಇನ್ನೊಂದನ್ನು ಖಂಡಿತ ಹೇಳಿಕೊಡಿ: ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಓಡಿಬಂದು ಮನೆಯಲ್ಲಿ ಹೇಳಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ, ಸತ್ತ ಮಂಗನ ಮೈಯಿಂದ ಉದುರುವ ಉಣ್ಣೆ ಹುಳದ (ಉಣುಗಿನ) ಕಡಿತದಿಂದ ಹರಡುತ್ತದೆ.

ಇನ್ನು ಅಳು ನಿಲ್ಲಿಸುವುದು. ಅವಳಿಗೊಂದು ಕೆಲಸ ಕೊಡಿ. ಜಗಲಿ ಮೇಲೆ ಕೂರಿಸಿ, ಒಂದು ಗಂಟೆಯಲ್ಲಿ ಅಪ್ಪ ಅಮ್ಮ ಎಷ್ಟು ಸಲ ಬಂದವು, ಕೊಕ್ಕಿನಲ್ಲಿ ಏನಿತ್ತು ಅಂತ ಬರೆದಿಡಲು ಹೇಳಿ. ಹಣ್ಣು ತಿನ್ನುವ ಪಿಕಳಾರ ಮರಿಗೆ ಹುಳ ತರುವುದನ್ನು ಅವಳೇ ಕಾಣುತ್ತಾಳೆ. ನಾಳೆ ಬೆಳಿಗ್ಗೆ ಮರಿ ಆ ಪೊದೆಯಲ್ಲಿ ಕಾಣಲಿಲ್ಲ ಅಂತ ಗಾಬರಿಯಾದರೆ, ಸುಮ್ನೆ ನಿಂತು ಕಿವಿಗೊಡಲಿ. ಎರಡು ಗಿಡ ಆಚೆಯಿಂದ ಚೀಂವ್ ಅನ್ನುವುದು ಕೇಳಿಸಬಹುದು.