ಚರ್ಮ ಒಣಗಿದರೆ ಅರ್ಧ ಅಡುಗೆ ಮುಗಿದಂತೆ

ಮನೆಯಲ್ಲಿ ಚಿಕನ್ ವಿಂಗ್ಸ್ ಮಾಡುವವರದ್ದು ಸಾಮಾನ್ಯವಾಗಿ ಒಂದೇ ದೂರು. ಮಸಾಲೆ ಚೆನ್ನಾಗಿ ಹಿಡಿದಿದೆ, ಮಾಂಸವೂ ಬೆಂದಿದೆ, ಚರ್ಮ ಮಾತ್ರ ಜಗಿದಷ್ಟೂ ಜಗ್ಗುತ್ತದೆ. ಹೋಟೆಲಿನವರು ಏನೋ ಪುಡಿ ಹಾಕುತ್ತಾರೆ ಅನ್ನುವ ಅನುಮಾನ ಬೇರೆ. ಪುಡಿಗಿಂತ ಮುಖ್ಯವಾದದ್ದು ಅವರ ಹತ್ತಿರ ಇರುವ ಕಾದ ಎಣ್ಣೆಯ ದೊಡ್ಡ ಬಾಣಲೆ. ಚರ್ಮದೊಳಗಿನ ನೀರನ್ನು ಅದು ನಿಮಿಷಗಳಲ್ಲಿ ಓಡಿಸಿಬಿಡುತ್ತದೆ. ಕೆಲಸ ಮುಗಿಸಿ ಏಳು ಗಂಟೆಗೆ ಮನೆ ಸೇರುವವರು ಅಷ್ಟು ಎಣ್ಣೆ ಕಾಯಿಸುತ್ತಾ ನಿಲ್ಲಬೇಕಿಲ್ಲ. ಆ ನೀರನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೈಲಿ ತೆಗೆಸಬಹುದು.

ಕೋಳಿ ರೆಕ್ಕೆ ಈಗಿನಷ್ಟು ಹೆಸರುವಾಸಿಯಾದದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನಿಂದ. 1964ರಲ್ಲಿ ಅಲ್ಲಿನ ಆ್ಯಂಕರ್ ಬಾರ್‌ನಲ್ಲಿ ತೆರೇಸಾ ಬೆಲ್ಲಿಸಿಮೋ ರೆಕ್ಕೆಗಳನ್ನು ಕರಿದು, ಖಾರದ ಸಾಸ್‌ನಲ್ಲಿ ಹೊರಳಿಸಿ ಕೊಟ್ಟರು ಅನ್ನುವುದು ಹೆಚ್ಚು ಜನ ಹೇಳುವ ಕಥೆ. ಅಲ್ಲಿವರೆಗೆ ರೆಕ್ಕೆ ಅಂದರೆ ಸೂಪಿಗೆ ಹೋಗುವ ತುಂಡು.

ಸೂಪಿಗೆ ಹಾಕುತ್ತಿದ್ದುದರಲ್ಲೂ ಅರ್ಥವಿದೆ. ರೆಕ್ಕೆಯಲ್ಲಿ ಮಾಂಸ ಕಡಿಮೆ, ಚರ್ಮ, ಮೂಳೆ, ಕೀಲು ಜಾಸ್ತಿ. ಇವೆಲ್ಲದರಲ್ಲೂ ಕೊಲಾಜೆನ್ ಅನ್ನುವ ಗಟ್ಟಿ ಪ್ರೋಟೀನ್ ತುಂಬಿರುತ್ತದೆ. ಕೋಳಿ ಮಾಂಸದ ಒಳಗೆ 74 ಡಿಗ್ರಿ ಸೆಲ್ಸಿಯಸ್ ಬಿಸಿ ತಲುಪಿದರೆ ಸಾಲ್ಮೊನೆಲ್ಲಾದಂಥ ರೋಗಾಣುಗಳು ಸಾಯುತ್ತವೆ, ತಿನ್ನಲು ಭಯವಿಲ್ಲ. ಎದೆಯ ತುಂಡಾದರೆ ಅಲ್ಲಿಗೇ ನಿಲ್ಲಿಸಬೇಕು, ಇನ್ನೂ ಕಾಯಿಸಿದರೆ ನಾರುನಾರಾಗುತ್ತದೆ. ರೆಕ್ಕೆ ಹಾಗಲ್ಲ. ಅದು 85, 90 ಡಿಗ್ರಿವರೆಗೂ ಹೋಗಲಿ. ಆ ಬಿಸಿಯಲ್ಲಿ ಕೊಲಾಜೆನ್ ಕರಗಿ ಜೆಲಾಟಿನ್ ಆಗುತ್ತದೆ, ಮಾಂಸ ಮೆತ್ತಗಾಗಿ ಮೂಳೆ ಬಿಡುತ್ತದೆ. ಒಲೆ ಕಡೆ ಗಮನ ಕೊಡಲು ಪುರುಸೊತ್ತಿಲ್ಲದ ಮನೆಗೆ ಇಷ್ಟು ಸಹಿಸಿಕೊಳ್ಳುವ ತುಂಡು ಬೇರೆ ಸಿಗಲಿಕ್ಕಿಲ್ಲ. ಹತ್ತು ನಿಮಿಷ ಮರೆತರೂ ನಡೆಯುತ್ತದೆ.

ಚರ್ಮದ ಲೆಕ್ಕ ಬೇರೆ. ಮಾಂಸದ ಕಂದು ಬಣ್ಣ, ಹುರಿದ ಪರಿಮಳ ಎರಡೂ ಹುಟ್ಟುವುದು ಪ್ರೋಟೀನಿನ ಅಂಶಗಳೂ ಸಕ್ಕರೆಯ ಅಂಶಗಳೂ ಸೇರಿ ನಡೆಸುವ ಕ್ರಿಯೆಯಿಂದ. 1912ರಲ್ಲಿ ಇದನ್ನು ವಿವರಿಸಿದವರು ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್. ಅವರ ಹೆಸರೇ ಇದಕ್ಕೆ ಉಳಿಯಿತು. ಈ ಕ್ರಿಯೆ ಚುರುಕಾಗಿ ನಡೆಯಲು ಸುಮಾರು 140 ಡಿಗ್ರಿ ಬೇಕು. ಆದರೆ ಚರ್ಮ ಒದ್ದೆ ಇರುವವರೆಗೆ ಅದರ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಓವನ್ 220 ತೋರಿಸುತ್ತಿದ್ದರೂ ಅಷ್ಟೇ. ಕೋಣೆಯ ಬಿಸಿಯಲ್ಲಿರುವ ನೀರನ್ನು ಕುದಿಯುವ ಹಂತಕ್ಕೆ ತರಲು ಎಷ್ಟು ಶಾಖ ಬೇಕೋ, ಕುದಿಯುವ ನೀರನ್ನು ಪೂರ್ತಿ ಆವಿ ಮಾಡಲು ಅದರ ಏಳು ಪಟ್ಟು ಬೇಕು! ತಟ್ಟೆಯಲ್ಲಿ ಒತ್ತೊತ್ತಾಗಿ ಜೋಡಿಸಿದರೆ ಆ ಆವಿಗೆ ಹೋಗಲು ದಾರಿ ಇರುವುದಿಲ್ಲ. ಆಗ ರೆಕ್ಕೆ ಹುರಿಯುವುದಿಲ್ಲ, ಬೇಯುತ್ತದೆ.

ಹಾಗಾಗಿ ಹಿಂದಿನ ರಾತ್ರಿಯ ಕೆಲಸವೇ ಮುಖ್ಯ. ಅಂಗಡಿಯಲ್ಲಿ ‘ವಿತ್ ಸ್ಕಿನ್’ ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಚರ್ಮ ಸುಲಿದೇ ಕೊಡಬಹುದು. ಮನೆಗೆ ತಂದು ಟಿಶ್ಯೂ ಪೇಪರಿನಲ್ಲಿ ಒತ್ತಿ ಒರೆಸಿ. ಅರ್ಧ ಕೆಜಿಗೆ ಒಂದು ಚಮಚ ಬೇಕಿಂಗ್ ಪೌಡರ್, ಸ್ವಲ್ಪ ಕಮ್ಮಿ ಒಂದು ಚಮಚ ಉಪ್ಪು. ಇಲ್ಲಿ ಚಮಚ ಅಂದರೆ ಟೀ ಚಮಚ. ಹೊರಳಿಸಿ, ಜಾಲರಿ ಮೇಲೆ ಹರಡಿ, ಮುಚ್ಚದೆ ಫ್ರಿಜ್ಜಿನ ಕೆಳ ಅಂತಸ್ತಿನಲ್ಲಿ ಇಡಿ. ಅಡಿಗೊಂದು ತಟ್ಟೆ ಇರಲಿ, ಕೆಳ ಅಂತಸ್ತನ್ನೂ ಬಿಡಬೇಡಿ, ಹಸಿ ಮಾಂಸದ ರಸ ಕೊತ್ತಂಬರಿ ಸೊಪ್ಪಿನ ಮೇಲೆ ತೊಟ್ಟಿಕ್ಕಬಾರದಲ್ಲ! ಫ್ರಿಜ್ಜಿನೊಳಗಿನ ಗಾಳಿ ಒಣ ಗಾಳಿ. ಬೆಳಗಾಗುವಷ್ಟರಲ್ಲಿ ಚರ್ಮ ಕಾಗದದ ಹಾಗೆ ಒಣಗಿರುತ್ತದೆ.

ಬೇಕಿಂಗ್ ಪೌಡರ್ ಯಾಕೆ? ಅದು ಚರ್ಮವನ್ನು ತುಸು ಕ್ಷಾರವಾಗಿಸುತ್ತದೆ, ಕ್ಷಾರದಲ್ಲಿ ಮೈಯಾರ್ ಕ್ರಿಯೆ ಬೇಗ ನಡೆಯುತ್ತದೆ. ಜೊತೆಗೆ ಪುಟ್ಟ ಗುಳ್ಳೆಗಳೆದ್ದು ಗರಿಗರಿಯಾಗುವ ಜಾಗ ಹೆಚ್ಚುತ್ತದೆ. ಅದೇ ಅಳತೆಯ ಅಡುಗೆ ಸೋಡಾ ಹಾಕಿದರೆ ಮಾತ್ರ ಬಾಯಿಗಿಡಲಾಗದು. ಮೊಸರು, ನಿಂಬೆರಸ ಇದರ ಉಲ್ಟಾ. ಹುಳಿಯಲ್ಲಿ ಕಂದು ಬಣ್ಣ ಬರುವುದು ನಿಧಾನ, ಮೇಲಿಂದ ಒದ್ದೆ ಬೇರೆ. ಮೊಸರಲ್ಲಿ ನೆನೆಸುವ ನಮ್ಮ ಪದ್ಧತಿ ಚರ್ಮ ಇಲ್ಲದ ತುಂಡಿಗೆ ಒಳ್ಳೆಯದು, ವಿಂಗ್ಸ್‌ಗೆ ಅಲ್ಲ. ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಕೂಡ ಈಗ ಬೇಡ, 220 ಡಿಗ್ರಿಯಲ್ಲಿ ಬೆಳ್ಳುಳ್ಳಿ ಸೀದು ಕಹಿಯಾಗುತ್ತದೆ.

ತೊಳೆಯುವ ವಿಷಯ ಎತ್ತಿದರೆ ಮನೆಯಲ್ಲಿ ಜಗಳ ಆಗಬಹುದು. ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆ 2014ರಲ್ಲಿ ಹಸಿ ಕೋಳಿ ತೊಳೆಯಬೇಡಿ ಅಂತ ದೊಡ್ಡ ಪ್ರಚಾರವನ್ನೇ ಮಾಡಿತು. ನಲ್ಲಿ ಕೆಳಗೆ ಹಿಡಿದರೆ ಸಿಡಿಯುವ ಹನಿಗಳ ಜೊತೆ ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಸುತ್ತಲಿನ ಪಾತ್ರೆಗಳಿಗೆ ಹರಡುತ್ತದೆ. ಮಾತು ಸರಿಯೇ. ಆದರೆ ನಮ್ಮ ಅಂಗಡಿಯ ಕೋಳಿಯಲ್ಲಿ ರಕ್ತ, ಪುಕ್ಕದ ಚೂರು ಇದ್ದೇ ಇರುತ್ತದೆ, ತೊಳೆಯಬೇಡಿ ಅಂದರೆ ಯಾರೂ ಕೇಳುವುದಿಲ್ಲ. ಹಾಗಾದರೆ ಪಾತ್ರೆಯಲ್ಲಿ ನೀರು ತುಂಬಿ ಮೆಲ್ಲಗೆ ಅಲುಗಿಸಿ ತೆಗೆಯಿರಿ. ಆಮೇಲೆ ಸಿಂಕು, ಕೈ ಎರಡನ್ನೂ ಸೋಪು ಹಾಕಿ ತೊಳೆಯಿರಿ.

ಮರುದಿನ ಸಂಜೆ ಕಾದ ಓವನ್‌ನಲ್ಲಿ 220 ಡಿಗ್ರಿಗೆ 40ರಿಂದ 45 ನಿಮಿಷ, ನಡುವೆ ಒಮ್ಮೆ ಮಗುಚಬೇಕು. ಏರ್ ಫ್ರೈಯರ್ ಅಂದರೂ ಜೋರು ಫ್ಯಾನ್ ಇರುವ ಪುಟ್ಟ ಓವನ್ನೇ, ಅದರಲ್ಲಿ ಇನ್ನೂ ಬೇಗ ಆಗುತ್ತದೆ. ಎರಡೂ ಇಲ್ಲವೇ? ಇಡ್ಲಿ ಪಾತ್ರೆ ಇದೆ ತಾನೆ! ಬೇಕಿಂಗ್ ಪೌಡರ್ ಬಿಟ್ಟು, ಬರೀ ಉಪ್ಪು ಹಾಕಿ ಹಿಂದಿನ ರಾತ್ರಿ ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ಒರೆಸಿ ಫ್ರಿಜ್ಜಿನಲ್ಲಿ ಒಣಗಿಸಿ. ಗರಿಗರಿ ಬೇಕೆಂದು ಹಬೆ ಕೊಡುವುದು ತಮಾಷೆ ಅನಿಸಬಹುದು. ಆದರೆ ಹಬೆಯಲ್ಲಿ ಚರ್ಮದ ಕೊಬ್ಬು ಅಷ್ಟಿಷ್ಟು ಇಳಿದುಹೋಗಿ, ಕೊಲಾಜೆನ್ ಮೆತ್ತಗಾಗಿರುತ್ತದೆ. ಮರುದಿನ ಸ್ವಲ್ಪವೇ ಎಣ್ಣೆಯಲ್ಲಿ, ಒಳಗೂ ಚೆನ್ನಾಗಿ ಬಿಸಿಯಾಗುವಂತೆ ಹುರಿದರೆ ಸಾಕು.

ಕಚ್ಚಿದಾಗ ಮೂಳೆ ಪಕ್ಕ ಕೆಂಪು ಕಂಡರೆ ಗಾಬರಿ ಬೇಡ. ಬ್ರಾಯ್ಲರ್ ಕೋಳಿ ಅಂಗಡಿಗೆ ಬರುವುದು ಸುಮಾರು ಆರು ವಾರಕ್ಕೆ. ಅದರ ಮೂಳೆ ಇನ್ನೂ ಬಲಿತಿರುವುದಿಲ್ಲ, ಮಜ್ಜೆಯ ಬಣ್ಣ ಮಾಂಸಕ್ಕೆ ಇಳಿಯುತ್ತದೆ. ಬೆಂದಿದೆಯೋ ಇಲ್ಲವೋ ಹೇಳುವುದು ಥರ್ಮಾಮೀಟರ್, ಬಣ್ಣ ಅಲ್ಲ.

ಇನ್ನು ಮಸಾಲೆ. ಬಫಲೋದವರು ಕಯೆನ್ ಮೆಣಸಿನ ಸಾಸ್ ಜೊತೆ ಬೆಣ್ಣೆ ಕರಗಿಸುತ್ತಾರೆ. ಕುಂದಾಪುರದವರು ಘೀ ರೋಸ್ಟ್‌ಗೆ ಬ್ಯಾಡಗಿ ಮೆಣಸನ್ನು ರುಬ್ಬಿ ತುಪ್ಪದಲ್ಲಿ ಹುರಿಯುತ್ತಾರೆ. ಎರಡೂ ಕಡೆ ಒಂದೇ ರಸಾಯನ. ಮೆಣಸಿನ ಕೆಂಪು ಬಣ್ಣ, ಖಾರದ ಕ್ಯಾಪ್ಸೈಸಿನ್ ಎರಡೂ ಚೆನ್ನಾಗಿ ಕರಗುವುದು ಕೊಬ್ಬಿನಲ್ಲಿ, ನೀರಿನಲ್ಲಲ್ಲ. ಮಕ್ಕಳಿರುವ ಮನೆಗೆ ಬ್ಯಾಡಗಿಯೇ ವಾಸಿ, ಬಣ್ಣ ಜಾಸ್ತಿ, ಖಾರ ಕಮ್ಮಿ. ಕ್ಯಾಪ್ಸೈಸಿನ್ ನಾಲಿಗೆಯಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಿಯನ್ನೇ ಕೆಣಕುತ್ತದೆ. ಅದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ 2021ರಲ್ಲಿ ನೊಬೆಲ್ ಹಂಚಿಕೊಂಡರು. ಹಕ್ಕಿಗಳಲ್ಲಿ ಈ ಗ್ರಾಹಿ ಕ್ಯಾಪ್ಸೈಸಿನ್‌ಗೆ ಮಿಸುಕುವುದಿಲ್ಲ. ಕೋಳಿ ಮೆಣಸಿನಕಾಯಿಯನ್ನು ಆರಾಮಾಗಿ ನುಂಗಬಲ್ಲದು.

ಮಸಾಲೆಯಲ್ಲಿ ಹೊರಳಿಸುವುದು ಎಲ್ಲರೂ ಊಟಕ್ಕೆ ಕೂತ ಮೇಲೆ. ಮೊದಲೇ ಹೊರಳಿಸಿಟ್ಟರೆ ಸಾಸ್‌ನ ನೀರು ಚರ್ಮಕ್ಕೆ ವಾಪಸ್ ಸೇರುತ್ತದೆ. ತಡವಾಗಿ ಬರುವವರ ಪಾಲನ್ನು ಒಣಗಿದ ಹಾಗೇ ಇಟ್ಟು, ಬಂದಾಗ ಬಿಸಿ ಮಾಡಿ ಮಸಾಲೆ ಹಾಕಿ. ಮಾಂಸವಿಲ್ಲದ ತುದಿಗಳನ್ನು ಮೊದಲೇ ಕತ್ತರಿಸಿ ಫ್ರೀಜರಿನಲ್ಲಿ ಕೂಡಿಹಾಕಿ. ಒಂದಷ್ಟು ಸೇರಿದಾಗ ಕುದಿಸಿ ಸೋಸಿದರೆ ತಣ್ಣಗಾದ ಮೇಲೆ ಜೆಲ್ಲಿಯಾಗುವ ಸಾರಿನ ನೀರು ಸಿಗುತ್ತದೆ. ಕಾಳುಮೆಣಸು ಹಾಕಿದ ಕೋಳಿ ಸಾರಿಗೆ ಅದು ಬಲು ಚೆನ್ನ.