ಮಿರಾಜ್ ಅಲ್ಲ, ತೇಜಸ್: ಯುದ್ಧವಿಮಾನದ ಫೋಟೊಗಳಿಗೆ ತಪ್ಪು ಹೆಸರು ಅಂಟಿದ್ದು ಹೇಗೆ?

ಹೊಸೂರಿನಿಂದ ತಳಿಗೆ ಹೋಗುವ ದಾರಿಯಲ್ಲಿ, ಬೆಳಗೊಂಡಪಳ್ಳಿಯ ಬಳಿ ಖಾಸಗಿ ರನ್‌ವೇ ಒಂದಿದೆ. ತನೇಜಾ ಏರೋಸ್ಪೇಸ್ ಕಂಪನಿಯದು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ಪುಟ್ಟ ತರಬೇತಿ ವಿಮಾನ ಹಂಸ-3 ತಯಾರಾದದ್ದು ಈ ಕಂಪನಿಯಲ್ಲೇ. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣವೂ ಇಲ್ಲಿಂದ ದೂರವಿಲ್ಲ. ಹಾಗಾಗಿ ಕೆಲಮಂಗಲ, ಡೆಂಕಣಿಕೋಟೆ, ಬಾಗಲೂರು ಕಡೆಯ ಕನ್ನಡದ ಹುಡುಗರಿಗೆ ತಲೆಯೆತ್ತಿ ವಿಮಾನದ ಹೆಸರು ಹೇಳುವ ಚಟ ಇದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ತ್ರಿಕೋನ ರೆಕ್ಕೆ ಕಂಡರೆ ಒಬ್ಬ ಮಿರಾಜ್ ಎನ್ನುತ್ತಾನೆ, ಇನ್ನೊಬ್ಬ ತೇಜಸ್ ಎನ್ನುತ್ತಾನೆ. ತೇಜಸ್ ಬೆಂಗಳೂರಿನಲ್ಲೇ ಹುಟ್ಟಿದ್ದು, ಫ್ರಾನ್ಸಿನ ಮಿರಾಜ್ ನವೀಕರಣಕ್ಕೆಂದು ಅಲ್ಲಿಗೆ ಬಂದದ್ದು. ಈ ವಾದ ಟೀ ಅಂಗಡಿಯಲ್ಲೇ ಮುಗಿದರೆ ಯಾರಿಗೂ ನಷ್ಟವಿಲ್ಲ. ಫೋಟೊ ತೆಗೆದು, ಹೆಸರು ಬರೆದು, ಜಗತ್ತೆಲ್ಲ ನೋಡುವ ಚಿತ್ರಸಂಗ್ರಹಕ್ಕೆ ಏರಿಸಿದ ಮೇಲೆ ವಿಷಯ ಬೇರೆ. ಅದನ್ನು ಪತ್ರಿಕೆ ಎತ್ತಿಕೊಳ್ಳುತ್ತದೆ, ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿ ಎತ್ತಿಕೊಳ್ಳುತ್ತದೆ, ಕೊನೆಗೆ ಅದೇ ಕೈಪಿಡಿಯನ್ನು ತೋರಿಸಿ ಮೂಲ ಹೆಸರು ಸರಿಯೆಂದು ವಾದಿಸುವವರೂ ಹುಟ್ಟಿಕೊಳ್ಳುತ್ತಾರೆ.

ಆಕಾರ ನೋಡಿ ಮೋಸಹೋಗುವುದು ಹಳೆಯ ಕಾಯಿಲೆ. 1939ರ ಸೆಪ್ಟೆಂಬರ್ 6ರಂದು, ಬ್ರಿಟನ್ ಯುದ್ಧ ಸಾರಿ ಮೂರೇ ದಿನಗಳಾಗಿದ್ದಾಗ, ಅದರ ಸ್ಪಿಟ್‌ಫೈರ್ ಯುದ್ಧವಿಮಾನಗಳು ತಮ್ಮದೇ ಪಡೆಯ ಎರಡು ಹರಿಕೇನ್ ವಿಮಾನಗಳನ್ನು ಹೊಡೆದುರುಳಿಸಿದವು. ಒಬ್ಬ ಪೈಲಟ್ ಸತ್ತ. ಯುದ್ಧದುದ್ದಕ್ಕೂ ವಿಮಾನಗಳ ಕಪ್ಪು ನೆರಳುಚಿತ್ರ ತೋರಿಸಿ ಗುರುತು ಹಿಡಿಯುವ ತರಬೇತಿ ಸೈನಿಕರಿಗೂ ನಾಗರಿಕ ವೀಕ್ಷಕರಿಗೂ ನಡೆಯಿತು. ನಮ್ಮ ಕಡೆ ಅದೇ ಭಯ ಬಣ್ಣದಲ್ಲಿ ಕಾಣಿಸಿಕೊಂಡಿತು. ಜಪಾನಿನ ಕೆಂಪು ಸೂರ್ಯನೆಂದು ಯಾರಾದರೂ ಗುಂಡು ಹಾರಿಸಿಬಿಟ್ಟಾರು ಎಂದು 1942ರಲ್ಲಿ ಬರ್ಮಾ ಮತ್ತು ಭಾರತದಲ್ಲಿದ್ದ ವಿಮಾನಗಳ ವೃತ್ತಚಿಹ್ನೆಯ ನಡುವಿನ ಕೆಂಪು ಬೊಟ್ಟನ್ನೇ ಅಳಿಸತೊಡಗಿದರು.

ಸ್ವಾತಂತ್ರ್ಯದ ನಂತರ ಸಮಸ್ಯೆ ತಿರುವುಮುರುವಾಯಿತು. ನೋಡಲು ಚಿತ್ರಗಳೇ ಇರಲಿಲ್ಲ. 1937ರ ವಿಮಾನ ನಿಯಮಗಳ 13ನೇ ನಿಯಮ ನಿಲ್ದಾಣಗಳಲ್ಲಿ ಅನುಮತಿಯಿಲ್ಲದೆ ಫೋಟೊ ತೆಗೆಯುವುದನ್ನು ನಿಷೇಧಿಸಿತ್ತು. ಸೇನೆಯ ವಿಮಾನವೆಂದರೆ ಕೇಳುವುದೇ ಬೇಡ. 1996ರಲ್ಲಿ ಯಲಹಂಕದಲ್ಲಿ ಏರೋ ಇಂಡಿಯಾ ಶುರುವಾದ ಮೇಲಷ್ಟೇ ಸಾಮಾನ್ಯರ ಕ್ಯಾಮೆರಾಗಳಿಗೆ ಬಾಗಿಲು ತೆರೆಯಿತು. ಅಂತರ್ಜಾಲದ ವಿಮಾನಚಿತ್ರ ತಾಣಗಳು ಬಂದದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. 2004ರಲ್ಲಿ, ಯಾರು ಬೇಕಾದರೂ ಚಿತ್ರ ಏರಿಸಬಹುದಾದ ಉಚಿತ ಚಿತ್ರಸಂಗ್ರಹ ವಿಕಿಮೀಡಿಯ ಕಾಮನ್ಸ್ ಆರಂಭವಾಯಿತು. ಅಮೆರಿಕದ ಸೇನೆ ತೆಗೆದ ಚಿತ್ರಗಳಿಗೆ ಹಕ್ಕುಸ್ವಾಮ್ಯದ ತೊಡಕಿಲ್ಲವಾದ್ದರಿಂದ ಅವು ರಾಶಿರಾಶಿಯಾಗಿ ಅಲ್ಲಿಗೆ ಸೇರಿದವು. ನಮ್ಮ ವಿಮಾನಗಳಿಗೆ ಹೊರಗಿನವರು ಬರೆದ ಅಡಿಬರಹವೇ ಆಧಾರವಾಯಿತು.

ಅದೇ 2004ರ ಫೆಬ್ರವರಿಯಲ್ಲಿ ಗ್ವಾಲಿಯರ್‌ನಲ್ಲಿ ಅಮೆರಿಕದ ಎಫ್-15ಗಳೊಂದಿಗೆ ‘ಕೋಪ್ ಇಂಡಿಯಾ’ ಕವಾಯತು ನಡೆಯಿತು. ಅಲ್ಲಿ ಭಾರತದ ಕಡೆಯಿಂದ ಹಾರಿದ ಸುಖೋಯ್‌ಗಳು 1997ರಿಂದ ಸೇವೆಯಲ್ಲಿದ್ದ ಸುಖೋಯ್-30ಕೆ ಮಾದರಿಯವು. ಮೂಗಿನ ಹಿಂದೆ ಪುಟ್ಟ ಮುಂರೆಕ್ಕೆಗಳಿರುವುದು 2002ರಲ್ಲಿ ಸೇರ್ಪಡೆಯಾದ ಸುಖೋಯ್-30ಎಂಕೆಐಗೆ ಮಾತ್ರ. ಆದರೂ ಗ್ವಾಲಿಯರ್‌ನಲ್ಲಿ ಹಾರಿದ್ದು ಎಂಕೆಐ ಎಂಬ ಮಾತು ವರ್ಷಗಟ್ಟಲೆ ಓಡಾಡಿತು. ಮುಂದೆ ಆ 30ಕೆಗಳು ಬೆಲಾರುಸ್‌ಗೆ ಹೋಗಿ, ಅವುಗಳಲ್ಲಿ 12 ಅಂಗೋಲಾದ ಪಾಲಾದವು. ಈಗ ಒಂದೇ ವಿಮಾನ ಎರಡು ದೇಶಗಳ ಪಟ್ಟಿಯಲ್ಲಿ ಬೇರೆ ಬೇರೆ ಸಂಖ್ಯೆಯೊಡನೆ ಕುಳಿತಿರುತ್ತದೆ.

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುವ ಪರಿಚಯದ ಯುವಕನೊಬ್ಬ ಪಾಳಿ ಮುಗಿಸಿ ಬಂದು ಇಂಥ ತಪ್ಪು ಅಡಿಬರಹಗಳನ್ನು ತಿದ್ದಲು ಕೂರುತ್ತಾನೆ. ಸೋವಿಯತ್ ಮೂಲದ ದಾಳಿ ವಿಮಾನಗಳಾದ ಮಿಗ್-23ಬಿಎನ್ ಮತ್ತು ಮಿಗ್-27 ಅವನ ಅಚ್ಚುಮೆಚ್ಚಿನ ಜೋಡಿ. ಎರಡಕ್ಕೂ ಬಾತುಕೋಳಿಯ ಕೊಕ್ಕಿನಂತಹ ಮೂಗು, ಎರಡಕ್ಕೂ ಹಿಂದೆ ಮುಂದೆ ಸರಿಯುವ ರೆಕ್ಕೆ. “ಮೂಗು ನೋಡಬೇಡಿ ಅಣ್ಣಾ, ಗಾಳಿ ಒಳಗೆ ಹೋಗುವ ಬಾಯಿ ನೋಡಿ” ಎಂದು ಫೋಟೊ ಹಿಗ್ಗಿಸಿ ತೋರಿಸಿದ. 23ಬಿಎನ್‌ನಲ್ಲಿ ಆ ಬಾಯಿಯ ಮುಂದೆ, ದೇಹದಿಂದ ಬಿಡಿಸಿಕೊಂಡು, ಅಗಲವಾದ ತಗಡೊಂದು ನೆಟ್ಟಗೆ ನಿಂತಿರುತ್ತದೆ; ಒಳದಾರಿ ಹಿಗ್ಗಿ ಕುಗ್ಗುತ್ತದೆ. ತಗ್ಗಿನಲ್ಲಿ ಹಾರಿ ದಾಳಿ ಮಾಡುವ 27ಕ್ಕೆ ಆ ಏರ್ಪಾಡು ಬೇಡವಾದ್ದರಿಂದ ಬಾಯಿ ಸರಳವಾಗಿದೆ, ತಗಡು ಚಿಕ್ಕದು. ಹೊಟ್ಟೆಯಡಿಯ ಬಂದೂಕಿಗೆ ಮೊದಲನೆಯದರಲ್ಲಿ ಎರಡು ನಳಿಗೆ, ಎರಡನೆಯದರಲ್ಲಿ ಆರು. ಇಷ್ಟೂ ಮಸುಕಾಗಿದ್ದರೆ ವಿಮಾನದ ಮೈಮೇಲೆ ಬರೆದ ಸಂಖ್ಯೆಯ ಮೊದಲ ಅಕ್ಷರಗಳನ್ನು ಓದಬೇಕು: ‘ಎಸ್‌ಎಂ’ ಎಂದಿದ್ದರೆ 23ಬಿಎನ್, ‘ಟಿಎಸ್’ ಎಂದಿದ್ದರೆ ಎಚ್‌ಎಎಲ್ ತಯಾರಿಸಿದ 27.

ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ತಿರುವು ಇದೇ, ಆಕಾರದಿಂದ ಸಂಖ್ಯೆಗೆ ಕಣ್ಣು ಸರಿದದ್ದು. ತೇಜಸ್‌ನ ರೆಕ್ಕೆಯ ಮುಂದಿನ ಅಂಚು ದೇಹದ ಹತ್ತಿರ ಮುರಿದು ದಿಕ್ಕು ಬದಲಿಸುತ್ತದೆ, ಮಿರಾಜ್‌ನದು ಒಂದೇ ಗೆರೆ. ಇಷ್ಟು ಕಣ್ಣಿಗೇ ಕಾಣುತ್ತದೆ. ಯಾವ ತೇಜಸ್ ಎಂಬುದು ಮಾತ್ರ ಕಾಣುವುದಿಲ್ಲ. 2001ರ ಜನವರಿ 4ರಂದು ಮೊದಲು ಹಾರಿದ್ದು ಕೆಎಚ್2001. ‘ಕೆಎಚ್’ ಎಂದಿದ್ದರೆ ಅದು ಪರೀಕ್ಷೆಯ ವಿಮಾನ. ವಾಯುಪಡೆಗೆ ಕೊಟ್ಟ ಒಂಟಿ ಆಸನದವು ‘ಎಲ್‌ಎ’. ಅದರ ಮೊದಲ ತೇಜಸ್ ಸ್ಕ್ವಾಡ್ರನ್, 45ನೆಯದು, ರೂಪುಗೊಂಡದ್ದೇ 2016ರ ಜುಲೈನಲ್ಲಿ. 2011ರ ಯಲಹಂಕದ ಚಿತ್ರಕ್ಕೆ ಆ ಸ್ಕ್ವಾಡ್ರನ್ನಿನ ಹೆಸರು ಹಾಕಿದರೆ ಪಂಚಾಂಗವೇ ಸಾಕು ಸುಳ್ಳೆನ್ನಲು.

ತಿದ್ದುವುದು ಸಲೀಸಲ್ಲ. ಚಿತ್ರಗಳನ್ನು ಪರಿಶೀಲಿಸಿ ಪ್ರಕಟಿಸುವ ತಾಣಗಳು ಪುರಾವೆ ಕೇಳುತ್ತವೆ. ಕಾಮನ್ಸ್‌ನಲ್ಲಿ ವಿವರಣೆಯನ್ನು ಯಾರಾದರೂ ಬದಲಿಸಬಹುದು, ಕಡತದ ಹೆಸರು ಬದಲಿಸಲು ಮಾತ್ರ ವಿಶೇಷ ಅಧಿಕಾರವಿರುವವರೇ ಬೇಕು. ವಸ್ತುವನ್ನು ತಪ್ಪಾಗಿ ಗುರುತಿಸಿರುವುದು ಅದಕ್ಕೆ ಒಪ್ಪಿತ ಕಾರಣ. ಹೊಸ ಹೆಸರು ಬಂದರೂ ಹಳೆಯದು ಸಾಮಾನ್ಯವಾಗಿ ಹೊಸದರತ್ತ ಕಳಿಸುವ ದಾರಿಕೈಮರವಾಗಿ ಉಳಿಯುತ್ತದೆ, ಅಷ್ಟರಲ್ಲಿ ನಕಲಾಗಿ ಹೋದ ಪ್ರತಿಗಳು ಯಾರ ಕೈಗೂ ಸಿಗುವುದಿಲ್ಲ. ಪುರಾವೆ ಕೇಳುವುದು ಕಿರಿಕಿರಿಯೇ, ಆದರೆ ಬೇಕಾದ ಕಿರಿಕಿರಿ. 2019ರ ಫೆಬ್ರವರಿಯ ಗಡಿ ಸಂಘರ್ಷದಲ್ಲಿ, 2015ರಲ್ಲಿ ಒಡಿಶಾದಲ್ಲಿ ಬಿದ್ದ ಹಾಕ್ ತರಬೇತಿ ವಿಮಾನದ ಚಿತ್ರ ಪಾಕಿಸ್ತಾನ ಉರುಳಿಸಿದ ಭಾರತೀಯ ವಿಮಾನವೆಂದು ಹರಿದಾಡಿತು. ಹಳೆಯ ಚಿತ್ರದ ದಿನಾಂಕ, ಸ್ಥಳ ಸರಿಯಾಗಿ ದಾಖಲಾಗಿದ್ದರಿಂದಲೇ ಅದು ಬೇಗ ಬಯಲಾಯಿತು.

ಸಂಖ್ಯೆಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಎಚ್‌ಎಎಲ್‌ನ ಅಜೀತ್ ಯುದ್ಧವಿಮಾನ ಹುಟ್ಟಿದ್ದೇ ಬ್ರಿಟನ್ ಮೂಲದ ನ್ಯಾಟ್‌ನಿಂದ. ಕೆಲವು ನ್ಯಾಟ್‌ಗಳನ್ನೇ ಅಜೀತ್ ಆಗಿ ಮಾರ್ಪಡಿಸಿದ್ದೂ ಉಂಟು; ಆಗ ಒಂದೇ ವಿಮಾನಕ್ಕೆ ಎರಡು ಹೆಸರು. ಕಾಲೇಜು, ವೃತ್ತಗಳಲ್ಲಿ ನಿಲ್ಲಿಸಿದ ನಿವೃತ್ತ ವಿಮಾನಗಳಿಗೆ ಪೇಂಟರ್ ಹೊಸ ಬಣ್ಣ ಹೊಡೆಯುವಾಗ ಸಂಖ್ಯೆ ಮುಚ್ಚಿಹೋಗುತ್ತದೆ, ಕೆಲವೊಮ್ಮೆ ಇನ್ನಾವುದೋ ವಿಮಾನದ ಸಂಖ್ಯೆಯೇ ಬಂದು ಕೂರುತ್ತದೆ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ನಿವೃತ್ತಿಯಾಗಿದೆ. ಇನ್ನಷ್ಟು ಮಿಗ್‌ಗಳು ಕಂಬ ಏರಲಿವೆ. ನಿಮ್ಮೂರಿಗೆ ಬಂದರೆ ಪೇಂಟರ್ ಏಣಿ ಹತ್ತುವ ಮೊದಲೇ ಮೂಗು, ಬಾಲ, ಚಕ್ರದ ಬಾಗಿಲುಗಳ ಒಳಬದಿಯ ಬರಹ, ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ.